ಕ್ವಿಲ್ಟ್‌ನ ಅಂಚಿಗೆ ಬೇರೆಯವರ ಕತ್ತರಿ ತಾಗುವ ಮೊದಲು

ಕ್ವಿಲ್ಟ್‌ನ (ಕೌದಿಯಂಥ, ತುಂಡುಬಟ್ಟೆ ಜೋಡಿಸಿದ ಹೊದಿಕೆ) ಮೇಲ್ಪದರ ಹೊಲಿದು ಮುಗಿಸಿ, ಉಳಿದ ಕೆಲಸವನ್ನು ಹೊರಗೆ ಕೊಡೋಣ ಎಂದುಕೊಂಡಿರುವವರು ಇದನ್ನೊಮ್ಮೆ ಓದಿಬಿಡಿ. ಮೇಲ್ಪದರ, ನಡುವಿನ ಹತ್ತಿ (ಬ್ಯಾಟಿಂಗ್), ಹಿಂಬದಿ ಬಟ್ಟೆ ಮೂರನ್ನೂ ಸೇರಿಸಿ ಲಾಂಗ್‌ಆರ್ಮ್ ಎಂಬ ಉದ್ದ ತೋಳಿನ ದೊಡ್ಡ ಯಂತ್ರದಲ್ಲಿ ಹೊಲಿಸುವುದಕ್ಕೆ ನನ್ನ ತಕರಾರೇನೂ ಇಲ್ಲ. ಮಂಚದ ಅಳತೆಯ ಕ್ವಿಲ್ಟನ್ನು ಮನೆಯ ಪುಟ್ಟ ಮೆಷಿನ್ನಿನೊಳಗೆ ತುರುಕಿ ತಿರುಗಿಸುವ ಪಾಡು ಏನೆಂದು ಮಾಡಿದವರಿಗೇ ಗೊತ್ತು. ನಾನು ಹೇಳುತ್ತಿರುವುದು ಅದರ ನಂತರದ ಎರಡು ಕೆಲಸಗಳ ಬಗ್ಗೆ. ಒಂದು ಅಂಚು ಕತ್ತರಿಸುವುದು, ಇನ್ನೊಂದು ಬೈಂಡಿಂಗ್, ಅಂದರೆ ಅಂಚಿನ ಸುತ್ತ ಬಟ್ಟೆಯ ಪಟ್ಟಿ ಮಡಿಸಿ ಹೊಲಿಯುವುದು. 'ಅದೆಲ್ಲ ಪ್ಯಾಕೇಜಿನಲ್ಲೇ ಸೇರಿದೆ' ಎಂದು ಯಾರಾದರೂ ಅಂದರೆ ತಕ್ಷಣ ಹೂಂ ಅನ್ನಬೇಡಿ.

ಹವ್ಯಾಸಕ್ಕೆಂದು ಕ್ವಿಲ್ಟ್ ಹೊಲಿಯಲು ಶುರು ಮಾಡಿ ಬಹಳ ವರ್ಷಗಳಾದವು. ಬೈಂಡಿಂಗನ್ನು ಯಾವಾಗಲೂ ನಾನೇ ಕೈಹೊಲಿಗೆಯಲ್ಲಿ ಮುಗಿಸುತ್ತಿದ್ದೆ. ನನಗೆ ಅದು ಬಲು ಇಷ್ಟದ ಕೆಲಸ ಕೂಡ. ಈ ಸಲ ಮಣಿಕಟ್ಟಿನ ನೋವು ಜಾಸ್ತಿಯಾಗಿತ್ತು, ಹಾಗಾಗಿ ಪೂರ್ತಿ ಕೆಲಸ ಲಾಂಗ್‌ಆರ್ಮ್‌ನವರಿಗೇ ಒಪ್ಪಿಸಿದೆ. ಕ್ವಿಲ್ಟ್ 60 ಇಂಚು ಅಗಲ, 80 ಇಂಚು ಉದ್ದ. ತುಂಬಾ ನಕ್ಷತ್ರದ ಬ್ಲಾಕ್‌ಗಳು (ತುಂಡು ಜೋಡಿಸಿದ ಚೌಕಗಳು), ಸುತ್ತ ಬಾರ್ಡರ್ ಇಲ್ಲ. ಬಾರ್ಡರ್ ಇಲ್ಲದ ಕಡೆ ನಕ್ಷತ್ರದ ಮೊನೆ ಅಂಚಿನಿಂದ ಸರಿಯಾಗಿ ಕಾಲು ಇಂಚು ಒಳಗಿರುತ್ತದೆ. ಆ ಕಾಲು ಇಂಚು ಬೈಂಡಿಂಗ್ ಹೊಲಿಗೆಗೆ ಹೋಗುತ್ತದೆ, ಮೊನೆ ಪಟ್ಟಿಗೆ ತಾಗಿಕೊಂಡು ಚೂಪಾಗಿ ನಿಲ್ಲುತ್ತದೆ. ಒಂದು ಎಳೆ ಹೆಚ್ಚು ಕತ್ತರಿಸಿದರೂ ಮೊನೆ ಹೋಯಿತು ಅಂತಲೇ ಲೆಕ್ಕ.

ಇದನ್ನೆಲ್ಲ ಚೀಟಿಯಲ್ಲಿ ಬರೆದು ಕ್ವಿಲ್ಟ್‌ಗೆ ಪಿನ್ ಮಾಡಿಯೇ ಕೊಟ್ಟಿದ್ದೆ. ಡಬಲ್ ಮಡಿಕೆಯ ಬೈಂಡಿಂಗ್ ಬೇಕು, ಪಟ್ಟಿ 2.5 ಇಂಚು ಅಗಲ ಇರಲಿ, ಮೊನೆಗಳ ಹೊರಗೆ ಕಾಲು ಇಂಚು ಬಿಡಿ, ಹಿಂಬದಿಗೆ ಕೈಹೊಲಿಗೆ ಹಾಕಿ. ಬೈಂಡಿಂಗ್ ಬಟ್ಟೆಯೂ ನನ್ನದೇ, ಒಗೆದು ಬಣ್ಣ ಬಿಡುವುದಿಲ್ಲ ಎಂದು ನೋಡಿ ಕೊಟ್ಟದ್ದು. "ಮೇಡಂ, ಇದು ನಾವು ದಿನಾ ಮಾಡುವ ಕೆಲಸ, ನೀವು ತಲೆ ಕೆಡಿಸಿಕೊಳ್ಳಬೇಡಿ" ಅಂದರು. ಕೈಹೊಲಿಗೆಗೆಂದು ಬೇರೆ ಹಣವನ್ನೂ ತೆಗೆದುಕೊಂಡರು.

ವಾಪಸ್ ಬಂದಾಗ ಚೆಂದವಾಗಿ ಮಡಿಸಿ, ರಿಬ್ಬನ್ ಕಟ್ಟಿದ್ದರು. ಬಿಚ್ಚಿ ನೆಲಕ್ಕೆ ಹಾಸಿದೆ. ನಡುಭಾಗ ಚಪ್ಪಟೆಯಾಗಿ ಕೂತಿತು, ನಾಲ್ಕೂ ಅಂಚು ಅಲೆಅಲೆಯಾಗಿ ಎದ್ದು ನಿಂತವು. ಒಂದು ಬದಿಯಲ್ಲಿ ನಕ್ಷತ್ರಗಳಿಗೆ ಮೊನೆಯೇ ಇಲ್ಲ, ಮೊಂಡಾಗಿವೆ. ಇನ್ನೊಂದು ಬದಿಯ ಪಟ್ಟಿಯ ಬಣ್ಣ ಉಳಿದ ಮೂರು ಬದಿಗಿಂತ ಚೂರು ಬೇರೆ.

ಕೇಳಿದರೆ, "ನಿಮ್ಮ ಬಟ್ಟೆ ಸಾಲಲಿಲ್ಲ, ಅದಕ್ಕೇ ನಮ್ಮಲ್ಲಿದ್ದ ರೆಡಿಮೇಡ್ ಟೇಪ್ ಹಾಕಿದೆವು" ಎಂಬ ಉತ್ತರ. ಸಾಲಲಿಲ್ಲವೇ? ಲೆಕ್ಕ ನೋಡಿ. ಸುತ್ತಳತೆ 280 ಇಂಚು. ಮೂಲೆಗಳಿಗೆ, ಕೊನೆಯ ಜೋಡಣೆಗೆ 12 ಇಂಚು ಸೇರಿಸಿದರೆ 292. ಬಟ್ಟೆಯ ಅಗಲದಲ್ಲಿ ಬಳಸಲು ಸಿಗುವುದು 40 ಇಂಚು ಎಂದಿಟ್ಟುಕೊಂಡರೆ 8 ಪಟ್ಟಿ ಬೇಕು. 2.5 ಇಂಚಿನ 8 ಪಟ್ಟಿ ಅಂದರೆ 20 ಇಂಚು ಬಟ್ಟೆ. ನಾನು ಕೊಟ್ಟದ್ದು ಅದಕ್ಕಿಂತ ಧಾರಾಳವಾಗಿತ್ತು. ಆಮೇಲೆ ಬಿಚ್ಚಿ ನೋಡಿದಾಗ ಬಂಡವಾಳ ಗೊತ್ತಾಯಿತು. ನೇರ ಅಂಚಿನ ಕ್ವಿಲ್ಟ್‌ಗೆ ಕ್ರಾಸ್ ಪಟ್ಟಿ ಕತ್ತರಿಸಿದ್ದಾರೆ! ಓರೆಯಾಗಿ ಕತ್ತರಿಸಿದರೆ ತುಂಡು ಪೋಲಾಗುತ್ತದೆ, ಸಾಲದೇ ಹೋಗುವುದು ಸಹಜ. ಕ್ರಾಸ್ ಪಟ್ಟಿ ಬೇಕಾಗುವುದು ಬಾಗಿದ ಅಂಚಿಗೆ. ನೇರ ಅಂಚಿಗೆ ಅಗಲಕ್ಕೆ ನೇರವಾಗಿ ಕತ್ತರಿಸಿದ ಪಟ್ಟಿ ಸಾಕು, ಅಷ್ಟಾಗಿ ಎಳೆದಾಡುವುದೂ ಇಲ್ಲ. ಉಳಿದ ಚೂರುಗಳನ್ನು ವಾಪಸ್ ಕೊಡಿ ಅಂದರೆ ಅದಕ್ಕೂ ಉತ್ತರವಿಲ್ಲ.

ಅಂಚು ಅಲೆಯಾಗುವುದಕ್ಕೆ ಇಲ್ಲಿ ಎರಡು ಕಾರಣ ಸೇರಿದ್ದವು. ನಡುವೆ ಒತ್ತೊತ್ತಾಗಿ ಹೊಲಿದು, ಕೊನೆಯ ಕೆಲವು ಇಂಚು ಖಾಲಿ ಬಿಟ್ಟಿದ್ದರು. ಹೊಲಿಗೆ ಒತ್ತಾಗಿ ಬಿದ್ದ ಕಡೆ ಬಟ್ಟೆ ಕುಗ್ಗುತ್ತದೆ, ಖಾಲಿ ಬಿಟ್ಟ ಕಡೆ ಹಾಗೇ ಇರುತ್ತದೆ. ಹೆಚ್ಚಾದ ಬಟ್ಟೆ ಎಲ್ಲಿಗೆ ಹೋಗಬೇಕು? ಎದ್ದು ನಿಲ್ಲುತ್ತದೆ. ಅದರ ಮೇಲೆ ವಾಕಿಂಗ್ ಫುಟ್ (ಮೇಲಿನ, ಕೆಳಗಿನ ಪದರಗಳನ್ನು ಒಟ್ಟಿಗೆ ಸಾಗಿಸುವ ಮೆಷಿನ್ ಫುಟ್) ಇಲ್ಲದೆ, ಎಳೆದರೆ ಹಿಗ್ಗುವ ಕ್ರಾಸ್ ಪಟ್ಟಿ ಹೊಲಿದಿದ್ದರು. ಮಾಮೂಲಿ ಫುಟ್ ಮೇಲಿನ ಪದರವನ್ನು ಮುಂದಕ್ಕೆ ತಳ್ಳುತ್ತದೆ, ಕೆಳಗಿನದನ್ನು ಮೆಷಿನ್ನಿನ ತಳದ ಹಲ್ಲುಗಳು ಒಳಗೆ ಎಳೆದುಕೊಳ್ಳುತ್ತವೆ. ಎರಡೂ ಒಂದೇ ವೇಗದಲ್ಲಿ ಹೋಗದಿದ್ದರೆ ಅಂಚು ಸೊಟ್ಟಗಾಗದೆ ಇನ್ನೇನು.

ನಿಜವಾದ ಸಿಟ್ಟು ಬಂದದ್ದು ಮೊದಲ ಒಗೆತಕ್ಕೆ. ಹಿಂಬದಿಗೆ ಕೈಹೊಲಿಗೆ ಹಾಕಿರಲೇ ಇಲ್ಲ. ಇಸ್ತ್ರಿಯ ಬಿಸಿಗೆ ಬಟ್ಟೆಗೆ ಅಂಟಿಕೊಳ್ಳುವ ಟೇಪ್ ಇಟ್ಟು ಒತ್ತಿದ್ದರು. ನೋಡಲು ಮಾತ್ರ ಹೊಲಿಗೆಯೇ ಕಾಣದಷ್ಟು ನಾಜೂಕು! ನೀರಿಗೆ ಬಿದ್ದ ಮೇಲೆ ಉದ್ದಕ್ಕೂ ಬಾಯಿ ಬಿಟ್ಟಿತು. ಒಳಗೆ ನೋಡಿದರೆ ಪಟ್ಟಿ ಒಂಟಿ ಮಡಿಕೆ. ಕ್ವಿಲ್ಟ್‌ನಲ್ಲಿ ಮೊದಲು ಸವೆಯುವುದೇ ಅಂಚು, ಅದಕ್ಕೇ ಅಲ್ಲಿ ಎರಡು ಪದರ ಬಟ್ಟೆ ಇರಲಿ ಎಂದು ಡಬಲ್ ಮಡಿಕೆ ಹಾಕುವುದು. ಬ್ಯಾಟಿಂಗನ್ನೂ ಒಳಕ್ಕೆ ಕತ್ತರಿಸಿದ್ದರು, ಪಟ್ಟಿಯೊಳಗೆ ಹತ್ತಿಯೇ ಇಲ್ಲ. ಹೀಗೆ ಪೊಳ್ಳಾದ ಬೈಂಡಿಂಗ್ ಮಡಿಕೆಯಲ್ಲೇ ಬೇಗ ಹರಿಯುತ್ತದೆ. ಸಾಲದ್ದಕ್ಕೆ ಆ ರೆಡಿಮೇಡ್ ಟೇಪಿನ ಕೆಂಪು ಬಿಳಿ ಬಟ್ಟೆಗೆ ಇಳಿದಿತ್ತು.

ಇಂಥದ್ದು ನಿಮಗೂ ಆದರೆ ದಯವಿಟ್ಟು ಕ್ವಿಲ್ಟನ್ನು ಒಣಗಲು ಬಿಡಬೇಡಿ. ಅದು ಪೂರ್ತಿ ಮುಳುಗುವಷ್ಟು ಬಿಸಿ ನೀರಿಗೆ ಪಾತ್ರೆ ತೊಳೆಯುವ ದ್ರವ ಸ್ವಲ್ಪ ಹಾಕಿ ನೆನೆಸಿ. ನೀರಿಗೆ ಬಣ್ಣ ಬಂದರೆ ಚೆಲ್ಲಿ ಹೊಸ ನೀರು ಹಾಕಿ, ತಿಳಿಯಾಗುವವರೆಗೆ ಬಿಡದೆ ಮಾಡಿ. ನೀರು ಕಡಿಮೆಯಾದರೆ ಬಿಟ್ಟ ಬಣ್ಣ ಪಕ್ಕದ ಬಟ್ಟೆಗೇ ಮತ್ತೆ ಹತ್ತುತ್ತದೆ. ನನ್ನದರಲ್ಲಿ ಬಹುಪಾಲು ಹೋಯಿತು, ಒಂದು ಮೂಲೆಯಲ್ಲಿ ತೆಳು ಗುಲಾಬಿ ಉಳಿದಿದೆ.

ಫೋಟೋ ಕಳಿಸಿದ್ದಕ್ಕೆ ಬಂದ ಉತ್ತರ: "ಒಗೆದ ಮೇಲೆ ನಮ್ಮ ಜವಾಬ್ದಾರಿ ಇಲ್ಲ." ಒಗೆಯದೆ ಇಟ್ಟುಕೊಳ್ಳಲು ಕ್ವಿಲ್ಟ್ ಯಾಕೆ ಬೇಕು, ಅಲ್ವಾ? ಈ ಮಾತು ಮೊದಲೇ ಹೇಳಿದ್ದೂ ಇಲ್ಲ, ರಸೀದಿಯಲ್ಲಿ ಇದ್ದದ್ದೂ ಇಲ್ಲ.

ಪೂರ್ತಿ ಬಿಚ್ಚಿದೆ. ಅಂಟಿದ ಟೇಪನ್ನು ಹಬೆ ಇಸ್ತ್ರಿಯಿಂದ ಬಿಸಿ ಮಾಡಿ, ಆರುವ ಮೊದಲೇ ಸುಲಿಯಬೇಕು. ಆದರೂ ಅಲ್ಲಲ್ಲಿ ಗಡಸು ಉಳಿಯಿತು. ಬೈಂಡಿಂಗ್ ಹಾಕುವ ಮೊದಲು ಅಂಚಿಗೆ ಎಂಟನೇ ಒಂದು ಇಂಚು ಒಳಗೆ ಸುತ್ತಲೂ ಒಂದು ಹೊಲಿಗೆ ಓಡಿಸಿದೆ. ಕ್ವಿಲ್ಟ್‌ನ ನಟ್ಟನಡುವೆ ಉದ್ದ, ಅಗಲ ಅಳೆದು, ಪಟ್ಟಿಯ ಮೇಲೆ ಅದೇ ಅಳತೆಗೆ ಗುರುತು ಹಾಕಿ, ಎದ್ದು ನಿಂತ ಅಂಚನ್ನು ಆ ಗುರುತಿನೊಳಗೆ ಸ್ವಲ್ಪ ಸ್ವಲ್ಪವೇ ಕೂರಿಸಿ ಪಿನ್ ಮಾಡಿದೆ. ಅಲೆ ಸುಮಾರಾಗಿ ಇಳಿಯಿತು. ಎರಡು ಬದಿಯಲ್ಲಿ ಮೊನೆ ಇನ್ನೂ ಉಳಿದಿತ್ತು. ಅಲ್ಲಿ ಕಾಲು ಇಂಚಿನ ಬದಲು ಅದರ ಅರ್ಧಕ್ಕೇ ಹೊಲಿದು ಉಳಿಸಿಕೊಂಡೆ. ಮೊಂಡಾದ ಬದಿಗೆ ಮಾತ್ರ ಮದ್ದಿಲ್ಲ. ಹೊಲಿಗೆ ತಪ್ಪಿದ್ದರೆ ಬಿಚ್ಚಬಹುದು, ಪಟ್ಟಿ ತಪ್ಪಿದ್ದರೆ ಬದಲಿಸಬಹುದು, ಕತ್ತರಿಸಿದ ಬಟ್ಟೆಯನ್ನು ಎಲ್ಲಿಂದ ತರುವುದು?

ಹಾಗಾಗಿ ಹೊರಗೆ ಕೊಡುವುದಾದರೆ ಒಂದೇ ಒಂದು ಮಾತು ಬರೆದು ಕೊಡಿ: ಅಂಚು ಕತ್ತರಿಸದೆ ವಾಪಸ್ ಕೊಡಿ. ಲಾಂಗ್‌ಆರ್ಮ್‌ಗೆ ಸಾಮಾನ್ಯವಾಗಿ ಹಿಂಬದಿ ಬಟ್ಟೆ ಪ್ರತಿ ಬದಿಗೂ 4 ಇಂಚು ಹೆಚ್ಚು ಕೇಳುತ್ತಾರೆ. ಆ ಹೆಚ್ಚಿನ ಬಟ್ಟೆ, ಬ್ಯಾಟಿಂಗ್ ಹಾಗೇ ನೇತಾಡುತ್ತಿರಲಿ. ನೋಡಲು ಚೆನ್ನಾಗಿರುವುದಿಲ್ಲ, ಪರವಾಗಿಲ್ಲ. ಸ್ಕೇಲ್ ಇಟ್ಟು, ಮೊನೆ ನೋಡಿಕೊಂಡು ನೀವೇ ಕತ್ತರಿಸಿ. ಬ್ಯಾಟಿಂಗ್ ಪ್ಯಾಕೆಟ್ಟಿನ ಮೇಲೆ ಹೊಲಿಗೆಗಳ ನಡುವೆ ಎಷ್ಟು ಅಂತರ ಬಿಡಬಹುದು ಎಂದು ಬರೆದಿರುತ್ತದೆ, ಅದನ್ನೂ ಚೀಟಿಯಲ್ಲಿ ಸೇರಿಸಿ, ಹೊಲಿಗೆ ಅಂಚಿನವರೆಗೂ ಬರಲಿ ಎಂದು ಹೇಳಿ.

ಕೈಲಾಗದೆ ಬೈಂಡಿಂಗನ್ನೂ ಕೊಡಲೇಬೇಕಾದರೆ ಪಟ್ಟಿಯನ್ನು ನೀವೇ ಕತ್ತರಿಸಿ, 45 ಡಿಗ್ರಿ ಓರೆಯಲ್ಲಿ ಜೋಡಿಸಿ, ಉದ್ದಕ್ಕೆ ಮಡಿಸಿ ಇಸ್ತ್ರಿ ಮಾಡಿ ಸುತ್ತಿ ಕೊಡಿ. ಆಗ 'ಸಾಲಲಿಲ್ಲ' ಎನ್ನುವುದಕ್ಕೆ ಜಾಗವೇ ಇರುವುದಿಲ್ಲ. ಅವರು ಮೊದಲು ಮಾಡಿದ, ಒಗೆದ ಕ್ವಿಲ್ಟ್ ಒಂದನ್ನು ತೋರಿಸಿ ಅನ್ನಿ. ಹೊಸದನ್ನು ನೋಡಿ ಏನೂ ತಿಳಿಯುವುದಿಲ್ಲ.

ವಾಪಸ್ ತೆಗೆದುಕೊಳ್ಳುವಾಗ ಅಲ್ಲೇ ಬಿಚ್ಚಿ, ಹಿಂದುಮುಂದು ನೋಡಿ. ಅವಸರ ಮಾಡಿದರೆ ಮಾಡಲಿ. ಬೈಂಡಿಂಗನ್ನು ಎರಡು ಬೆರಳಲ್ಲಿ ಹಿಸುಕುತ್ತಾ ಸುತ್ತು ಬನ್ನಿ, ಎಲ್ಲ ಕಡೆ ತುಂಬಿಕೊಂಡಿರಬೇಕು. ಮೂಲೆಯ ಮಡಿಕೆಯೊಳಗೆ ಉಗುರು ಹಾಕಿ ನೋಡಿ, ಅಲ್ಲೂ ಹೊಲಿಗೆ ಇರಬೇಕು. ಹಿಂಬದಿಯ ಪಟ್ಟಿ ಕಾಗದದ ಹಾಗೆ ಸೆಟೆದಿದ್ದರೆ ಅಂಟು ಹಾಕಿದ್ದಾರೆಯೇ ಎಂದು ಕೇಳಿ. ಒಗೆದರೆ ಕರಗಿಹೋಗುವ ಅಂಟನ್ನು ಕೆಲವರು ಪಿನ್ನಿನ ಬದಲು ಬಳಸುತ್ತಾರೆ, ಅದು ತಪ್ಪಲ್ಲ, ಆದರೆ ಅದರ ಮೇಲೆ ಹೊಲಿಗೆ ಕಾಣಬೇಕು. ಏನೇ ಅನುಮಾನ ಬಂದರೂ ಒಗೆಯುವ ಮೊದಲೇ ಫೋಟೋ ತೆಗೆದು ಕಳಿಸಿ, ಬಾಕಿ ಹಣವನ್ನು ಅವರಿಂದ ಉತ್ತರ ಬರುವವರೆಗೆ ಕೊಡಬೇಡಿ.