ಎರಡು ಗಿಳಿಗಳ ಹೊಂದಾಣಿಕೆ: ಪಾರ್ಟಿಷನ್ ಪಂಜರವೋ, ಅಕ್ಕಪಕ್ಕದ ಪಂಜರಗಳೋ, ಹೊಸ ಜಾಗದ ಭೇಟಿಯೋ?

ಮನೆಯಲ್ಲಿರುವ ಗಿಳಿಗೆ ಜೊತೆಯಾಗಲಿ ಎಂದು ಇನ್ನೊಂದನ್ನು ತಂದವರು ಮೊದಲು ಕೇಳುವ ಮಾತು, 'ಒಂದೇ ಪಂಜರಕ್ಕೆ ಬಿಟ್ಟುಬಿಡಿ, ನಾಲ್ಕು ದಿನ ಕಿತ್ತಾಡಿ ಸರಿಹೋಗುತ್ತವೆ' ಅನ್ನುವುದು. ಹಕ್ಕಿ ಮಾರುವ ಅಂಗಡಿಯಲ್ಲಿ ನನಗೂ ಹಾಗೇ ಹೇಳಿದರು. ಅದೊಂದನ್ನು ಮಾತ್ರ ನಾನು ಮಾಡಿ ನೋಡಲಿಲ್ಲ. ಪರಿಚಯದವರೊಬ್ಬರ ಮನೆಯಲ್ಲಿ ಲವ್ ಬರ್ಡ್ (ಗಿಡ್ಡ ಬಾಲದ ಆಫ್ರಿಕಾದ ಸಣ್ಣ ಗಿಳಿ) ಇದ್ದ ಪಂಜರಕ್ಕೆ ಬಡ್ಜಿ ಎಂಬ ಇನ್ನೊಂದು ಜಾತಿಯ ಪುಟ್ಟ ಗಿಳಿಯನ್ನು ಬಿಟ್ಟಾಗ ಬೆಳಗಾಗುವುದರೊಳಗೆ ಬಡ್ಜಿಯ ಕಾಲ್ಬೆರಳು ತುಂಡಾಗಿತ್ತು. ಪಂಜರ ಹಳೇ ಹಕ್ಕಿಯ ಮನೆ. ಅಲ್ಲಿಗೆ ಏಕಾಏಕಿ ಬಂದದ್ದನ್ನು ಅದು ಓಡಿಸಲು ನೋಡುತ್ತದೆ, ಆದರೆ ಬಂದ ಹಕ್ಕಿಗೆ ಓಡಿಹೋಗಲು ದಾರಿಯಿರುವುದಿಲ್ಲ. ಎರಡು ಗಿಳಿಗಳ ನಡುವಿನ ಎಲ್ಲ ಜಗಳದ ಮೂಲವೂ ಇದೇ ಎಂಬುದು ನನ್ನ ಅನುಭವ. ಆದ್ದರಿಂದ ಯಾವ ವಿಧಾನವನ್ನಾದರೂ ನಾನು ತೂಗುವುದು ಒಂದೇ ಪ್ರಶ್ನೆಯಿಂದ: ಬೇಡವೆನಿಸಿದಾಗ ದೂರ ಸರಿಯಲು ಇದು ಹಕ್ಕಿಗೆ ಎಷ್ಟು ಅವಕಾಶ ಕೊಡುತ್ತದೆ?

ನನ್ನವು ಎರಡೂ ಕಾಕಟೀಲ್, ಅಂದರೆ ತಲೆಯ ಮೇಲೆ ಜುಟ್ಟಿರುವ ಸಣ್ಣ ಗಿಳಿಗಳು. ಮೊದಲು ಬಂದವಳು ಚಿನ್ನಿ, ಹಳದಿ ಬಿಳುಪಿನ ಹೆಣ್ಣು. ಆಮೇಲೆ ಬಂದವನು ರಾಯ, ಬೂದು ಬಣ್ಣದ ಗಂಡು. ಕಾಕಟೀಲ್ ಆಸ್ಟ್ರೇಲಿಯಾದ ಹಕ್ಕಿ, ಇಲ್ಲಿ ಸಾಕಲು ಕಾನೂನಿನ ಅಡ್ಡಿಯಿಲ್ಲ. ನಮ್ಮ ಮರಗಳಲ್ಲಿ ಕಿರುಚಾಡುವ, ಕೊರಳಪಟ್ಟಿಯ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದಕ್ಕೆ ಜೊತೆ ಹುಡುಕುವವರು ದಯವಿಟ್ಟು ಅರಣ್ಯ ಇಲಾಖೆಯವರನ್ನು ಸಂಪರ್ಕಿಸಿ.

ಯಾವ ವಿಧಾನ ಹಿಡಿದರೂ ಅದಕ್ಕೆ ಮುಂಚೆ ಹೊಸ ಹಕ್ಕಿಯನ್ನು ಕನಿಷ್ಠ 30 ದಿನ ಬೇರೆ ಕೋಣೆಯಲ್ಲಿ ಇಡಲೇಬೇಕು. ಸಿಟ್ಟಕೋಸಿಸ್ ಎಂಬ ಗಿಳಿಜ್ವರ ಹೊರಗೆ ಏನೂ ತೋರಿಸದೆಯೇ ಒಳಗಿರಬಹುದು, ಅದು ಮನುಷ್ಯರಿಗೂ ಅಂಟುತ್ತದೆ. ಹಳೇ ಹಕ್ಕಿಗೆ ಕಾಳು ಹಾಕಿದ ಮೇಲೆ ಹೊಸದರ ಹತ್ತಿರ ಹೋಗಿ, ನಂತರ ಸೋಪು ಹಾಕಿ ಕೈ ತೊಳೆಯಿರಿ. ಈ ಅವಧಿಯಲ್ಲಿ ಒಂದು ಲಾಭವೂ ಇದೆ. ಗೋಡೆಯಾಚೆಯಿಂದ ಬರುವ ಸಿಳ್ಳೆಗೆ ಚಿನ್ನಿ ಉತ್ತರ ಕೊಡಲು ಶುರುಮಾಡಿದ್ದಳು. ಒಂದನ್ನೊಂದು ನೋಡುವ ಮುಂಚೆಯೇ ದನಿಯ ಪರಿಚಯವಾಗಿತ್ತು.

ಮೊದಲು ಬಳಸಿದ್ದು ಪಾರ್ಟಿಷನ್ ಪಂಜರ. ಮರಿ ಮಾಡಿಸುವವರು ಇಟ್ಟುಕೊಳ್ಳುವ, ನಡುವೆ ತಂತಿ ಜಾಲರಿ ಜಾರಿಸುವ ಉದ್ದನೆ ಪಂಜರವದು. ಜಾಗ ಉಳಿಯುತ್ತದೆ, ಒಂದೇ ತಟ್ಟೆ ತೊಳೆದರೆ ಸಾಕು, ದುಡ್ಡೂ ಕಡಿಮೆ. ಆದರೆ ನನ್ನ ಪ್ರಶ್ನೆಗೆ ಇದರ ಉತ್ತರ ಚೆನ್ನಾಗಿರಲಿಲ್ಲ. ಇಬ್ಬರ ನಡುವಿನ ಅಂತರ ಜಾಲರಿಯಷ್ಟೇ, ಅದನ್ನು ಹೆಚ್ಚಿಸಲು ಬರುವುದಿಲ್ಲ. ರಾಯ ಜಾಲರಿಗೆ ಜೋತುಬಿದ್ದಾಗಲೆಲ್ಲ ಚಿನ್ನಿ ಅವನ ಕಾಲಿಗೇ ಕೊಕ್ಕು ಹಾಕುತ್ತಿದ್ದಳು. ಜುಟ್ಟು ತಲೆಗೆ ಅಂಟಿಸಿ, ಬಾಯಿ ತೆರೆದು ಬುಸುಗುಟ್ಟುವುದು ದಿನವಿಡೀ ನಡೆಯಿತು. ರಾತ್ರಿಯಂತೂ ಇನ್ನೂ ಕಷ್ಟ. ಕತ್ತಲಲ್ಲಿ ಗಾಬರಿಬಿದ್ದು ರೆಕ್ಕೆ ಬಡಿದಾಡುವುದು ಕಾಕಟೀಲ್‌ಗಳ ಸ್ವಭಾವ. ಒಂದೇ ಪಂಜರವಾದ್ದರಿಂದ ಒಬ್ಬರು ಬೆಚ್ಚಿದರೆ ಇಬ್ಬರೂ ಬಡಿದಾಡುತ್ತಿದ್ದರು. ಹತ್ತಿರದಲ್ಲೊಂದು ಸಣ್ಣ ದೀಪ ಉರಿಸಿಟ್ಟ ಮೇಲೆ ಅದು ತಗ್ಗಿತು, ಹಗಲಿನ ಬುಸುಗುಟ್ಟುವಿಕೆ ತಗ್ಗಲಿಲ್ಲ. ಎರಡು ಜಾಲರಿಗಳ ಮಧ್ಯೆ ನಾಲ್ಕು ಬೆರಳು ಜಾಗ ಬಿಡುವಂಥ ಪಂಜರ ಸಿಕ್ಕರೆ ಕಾಲುಗಳಾದರೂ ಉಳಿಯುತ್ತವೆ. ಒಂದೇ ಜಾಲರಿಯದ್ದನ್ನು ಪರಿಚಯದ ಕೆಲಸಕ್ಕೆ ನಾನು ಯಾರಿಗೂ ಹೇಳುವುದಿಲ್ಲ.

ಅಲ್ಲಿಂದ ಅವರನ್ನು ಎರಡು ಪಂಜರಗಳಿಗೆ ಬದಲಿಸಿದೆ. ವ್ಯತ್ಯಾಸ ಬೇಗನೇ ಕಂಡಿತು. ಹಜಾರದ ಈ ಮೂಲೆಗೊಂದು, ಆ ಮೂಲೆಗೊಂದು ಇಟ್ಟು ಆರಂಭಿಸಿ, ಇಬ್ಬರೂ ನಿರಾಳವಾಗಿ ಕಾಳು ತಿನ್ನುವುದು ಕಂಡಮೇಲೆ ಮಾತ್ರ ಪಂಜರವನ್ನು ಒಂದಿಷ್ಟು ಹತ್ತಿರ ತರುತ್ತಿದ್ದೆ. ಬುಸುಗುಟ್ಟಿದರೆ ಮತ್ತೆ ಹಿಂದಕ್ಕೆ. ನೋಡಬೇಕಾದ್ದು ಜುಟ್ಟನ್ನು: ನೆಟ್ಟಗೆ ನಿಂತಿದ್ದರೆ ಎಚ್ಚರ ಅಥವಾ ಭಯ, ಹಿಂದಕ್ಕೆ ಒತ್ತಿ ಅಂಟಿದ್ದರೆ ಸಿಟ್ಟು, ಸಡಿಲವಾಗಿ ಅರ್ಧ ಬಾಗಿದ್ದರೆ ನೆಮ್ಮದಿ. ಸಂಜೆ ಕೊಕ್ಕನ್ನು ಕಟಕಟ ಮಸೆಯುವ ಸದ್ದು ಕೇಳಿದರೆ ಆ ದಿನದ ದೂರ ಅವರಿಗೆ ಒಪ್ಪಿಗೆಯಾಗಿದೆ ಎಂದೇ ತಿಳಿಯಬಹುದು.

ಈ ಹಂತದಲ್ಲಿ ದೊಡ್ಡ ಉಪಕಾರ ಮಾಡಿದ್ದು ನವಣೆ. ಪೇಟೆಯಲ್ಲಿ ಪೊಟ್ಟಣ ಕಟ್ಟಿ ದುಬಾರಿ ಬೆಲೆಗೆ ಮಾರುವ ಹಕ್ಕಿಗಳ 'ಮಿಲೆಟ್ ಸ್ಪ್ರೇ' ಬೇರೇನಲ್ಲ, ನವಣೆ ತೆನೆಯೇ. ಕೀಟನಾಶಕ ಸಿಂಪಡಿಸದ ತೆನೆ ನಮ್ಮ ಬಯಲುಸೀಮೆಯಲ್ಲಿ ರೈತರ ಹತ್ತಿರವೇ ಸಿಗುತ್ತದೆ. ಎರಡೂ ಪಂಜರಗಳ ಎದುರುಬದುರು ಬದಿಗೆ ಒಂದೊಂದು ತೆನೆ ಕಟ್ಟಿದೆ. ತಿನ್ನಬೇಕಾದರೆ ಇಬ್ಬರೂ ಆ ಬದಿಗೆ ಬರಬೇಕು, ಸಾಕೆನಿಸಿದರೆ ಹಿಂದಿನ ಕೋಲಿಗೆ ಹೋಗಿ ಕೂರಬಹುದು. ಹೀಗೆ ಹತ್ತಿರ ಬರುವ ತೀರ್ಮಾನ ಅವರದೇ ಆಯಿತು. ಪಾರ್ಟಿಷನ್ ಪಂಜರದಲ್ಲಿ ಇಲ್ಲದ್ದು ಇದೇ. ಎರಡು ಪಂಜರದ ಕಷ್ಟವೆಂದರೆ ಖರ್ಚು, ಜಾಗ, ಮತ್ತು ನಮ್ಮ ತಾಳ್ಮೆ. ಸಣ್ಣ ಮನೆಯಲ್ಲಿ ಹಜಾರ ತುಂಬಿಹೋಗುತ್ತದೆ ನಿಜ. ಆದರೂ ನನ್ನ ಆಯ್ಕೆ ಇದೇ.

ಮೂರನೆಯದು ಇಬ್ಬರಿಗೂ ಹೊಸದಾದ ಜಾಗದಲ್ಲಿ ಭೇಟಿ ಮಾಡಿಸುವುದು. ನಾವು ಬಳಸಿದ್ದು ಮಲಗುವ ಕೋಣೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಕನ್ನಡಿಗೆ ಬಟ್ಟೆ ಹೊದಿಸಿ, ಸೀಬೆ ಕೊಂಬೆಗಳನ್ನು ಕಟ್ಟಿದ ಸ್ಟ್ಯಾಂಡಿನ ಮೇಲೆ ಇಬ್ಬರನ್ನೂ ಬಿಟ್ಟೆವು. ಇಲ್ಲಿ ಯಾರದೂ ಯಜಮಾನಿಕೆಯಿಲ್ಲ, ಹಾರಿ ದೂರ ಹೋಗಲು ಕೋಣೆಯಿಡೀ ಇದೆ. ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ; ವಾರಗಟ್ಟಲೆ ಪಂಜರದಲ್ಲಿ ಕಾಣದ ಸಲುಗೆ ಇಲ್ಲಿ ಬೇಗ ಕಂಡಿತು. ಆದರೆ ಅಕ್ಕಪಕ್ಕದ ಪಂಜರಗಳ ಹಂತ ಮುಗಿಯದೆ ನೇರ ಇದಕ್ಕೇ ಕೈಹಾಕಿದರೆ ಹೆದರಿದ ಹಕ್ಕಿ ಗೋಡೆಗೆ ಬಡಿದುಕೊಳ್ಳುತ್ತದೆ. ರೆಕ್ಕೆ ಕತ್ತರಿಸಿದ ಹಕ್ಕಿಗಂತೂ ಇದು ಅನ್ಯಾಯ, ಏಕೆಂದರೆ ತಪ್ಪಿಸಿಕೊಳ್ಳಲು ಅದಕ್ಕೆ ಆಗುವುದೇ ಇಲ್ಲ. ಗರಿ ಮತ್ತೆ ಬೆಳೆಯುವ ತನಕ ಕಾಯಿರಿ. ನಾವಂತೂ ಅಲ್ಲೇ ಕೂತು ನೋಡುತ್ತಿರಬೇಕು. ಕೈಯಲ್ಲೊಂದು ಟವೆಲ್ ಇದ್ದರೆ ಜಗಳ ಬಿಡಿಸಲು ಬೆರಳು ಹಾಕುವ ಪ್ರಮೇಯ ಬರುವುದಿಲ್ಲ.

ರಾಯ ತಲೆ ಬಗ್ಗಿಸಿ ನಿಂತು, ಚಿನ್ನಿ ಅವನ ಕತ್ತಿನ ಗರಿ ಕೆದಕಿದ ಮೇಲೆ ಇಬ್ಬರನ್ನೂ ಒಂದು ಪಂಜರಕ್ಕೆ ಸೇರಿಸಿದೆವು. ಚಿನ್ನಿಯದನ್ನೂ ಅಲ್ಲ, ರಾಯನದನ್ನೂ ಅಲ್ಲ, ಬೇರೊಂದು ದೊಡ್ಡದಕ್ಕೆ. ಕಾಳಿನ ಬಟ್ಟಲು ಎರಡು, ನೀರು ಎರಡು ಕಡೆ, ಒಂದೇ ಎತ್ತರದಲ್ಲಿ ಎರಡು ಕೋಲು. ಎತ್ತರದ ಕೋಲು ಒಂದೇ ಇದ್ದರೆ ಸಂಜೆಯಾಗುತ್ತಲೇ ಅದಕ್ಕೆ ತಳ್ಳಾಟ. ಗೂಡಿನ ಮಡಕೆ ಮಾತ್ರ ಇಡಬೇಡಿ. ಮಡಕೆ ಕಂಡರೆ ಮೊಟ್ಟೆಯಿಡುವ ಹುಮ್ಮಸ್ಸು ಬಂದು, ಅದುವರೆಗೆ ಚೆನ್ನಾಗಿದ್ದವೂ ಜಾಗಕ್ಕಾಗಿ ಕಚ್ಚಾಡುತ್ತವೆ.

ಇದೆಲ್ಲ ಒಂದೇ ಜಾತಿಯ ಎರಡು ಹಕ್ಕಿಗಳ ಮಾತು. ಕಾಕಟೀಲ್ ಮತ್ತು ಬಡ್ಜಿ ದೊಡ್ಡ ಪಂಜರದಲ್ಲಿ ಸಾಮಾನ್ಯವಾಗಿ ಹೊಂದಿಕೊಂಡಾವು, ಆದರೆ ಬಡ್ಜಿ ಕಿರಿದಾದರೂ ಪೀಡಿಸುವುದರಲ್ಲಿ ಮುಂದು. ಲವ್ ಬರ್ಡ್ ಜೊತೆ ಇವೆರಡರಲ್ಲಿ ಯಾವುದನ್ನೂ ಒಂದೇ ಪಂಜರದಲ್ಲಿಡಬೇಡಿ, ಎಷ್ಟೇ ದಿನದ ಪರಿಚಯವಿದ್ದರೂ ಸರಿ. ಇನ್ನು ಕೆಲವು ಜೋಡಿ ಒಂದೇ ಜಾತಿಯವಾದರೂ ಕೊನೆತನಕ ಒಗ್ಗುವುದಿಲ್ಲ. ಅಂಥವಕ್ಕೆ ಅಕ್ಕಪಕ್ಕದ ಪಂಜರಗಳನ್ನೇ ಕಾಯಂ ಮಾಡಿ. ಸಿಳ್ಳೆಗೆ ಸಿಳ್ಳೆ ಸಿಗುತ್ತದೆ, ಕಣ್ಣೆದುರು ಜೊತೆಯಿರುತ್ತದೆ, ಯಾರ ಬೆರಳೂ ಹೋಗುವುದಿಲ್ಲ.