ಪರದೆಯ ಹಸಿರು ಚೌಕ, ಸ್ಕೋಪಿನ ತುದಿಯ ಕಫ್: ಬಳಸಿ ನೋಡಿದ ಹೋಲಿಕೆ

ಕ್ಯಾಮೆರಾ ಇರುವ ಕೊಳವೆಯನ್ನು, ಅಂದರೆ ಸ್ಕೋಪನ್ನು, ತೂರಿಸಿ ದೊಡ್ಡ ಕರುಳನ್ನು ನೋಡುವ ಕೊಲೊನೋಸ್ಕೋಪಿಯಲ್ಲಿ ಪಾಲಿಪ್, ಅಂದರೆ ಕರುಳಿನ ಒಳಗೋಡೆಯ ಗಂಟು, ಎರಡು ಬಗೆಯಲ್ಲಿ ಕಣ್ತಪ್ಪುತ್ತದೆ. ಒಂದೋ ಅದು ದೊಡ್ಡ ಕರುಳಿನ ಮಡಿಕೆಯ ಹಿಂದೆ ಅಡಗಿ ಪರದೆಗೆ ಬರುವುದೇ ಇಲ್ಲ, ಇಲ್ಲವೇ ಪರದೆಗೆ ಬಂದರೂ ವೈದ್ಯರ ಗಮನಕ್ಕೆ ಬರುವುದಿಲ್ಲ. ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಈ ಪರೀಕ್ಷೆ ಮಾಡುವ ನಾನು, ಎರಡನೆಯ ತೊಂದರೆಗೆಂದು ಬಂದಿರುವ ಜಿಐ ಜೀನಿಯಸ್ ಎಂಬ ಕೃತಕ ಬುದ್ಧಿಮತ್ತೆಯ ಉಪಕರಣವನ್ನೂ ಮೊದಲನೆಯದಕ್ಕೆಂದು ಇರುವ ಎಂಡೊಕಫ್ ವಿಷನ್ ಎಂಬ ಸಣ್ಣ ಕವಚವನ್ನೂ ಬಳಸಿದ್ದೇನೆ.

2021ರಲ್ಲಿ ಅಮೆರಿಕದ ಎಫ್‌ಡಿಎ (ಔಷಧ ಹಾಗೂ ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ) ಮಾನ್ಯತೆ ಪಡೆದ ಜಿಐ ಜೀನಿಯಸ್, ಸ್ಕೋಪನ್ನು ಹಿಂದಕ್ಕೆಳೆಯುತ್ತಿರುವಾಗಲೇ ಅನುಮಾನ ಬಂದ ಜಾಗದ ಸುತ್ತ ಹಸಿರು ಚೌಕ ಮೂಡಿಸುತ್ತದೆ. ದಿನದ ಪಟ್ಟಿಯ ಕೊನೆಯ ರೋಗಿಯ ಹೊತ್ತಿಗೆ ಕಣ್ಣು ದಣಿದಾಗ, ಪರದೆಯ ಅಂಚಿನಲ್ಲಿ ಎರಡು ಮೂರು ಮಿಲಿಮೀಟರಿನ ಗಂಟನ್ನು ಅದು ನನಗಿಂತ ಮೊದಲೇ ಹಿಡಿದದ್ದುಂಟು. ಆದರೆ ನೊರೆಗುಳ್ಳೆ, ಅಂಟಿಕೊಂಡ ಬೀಜ, ಸಣ್ಣ ಕರುಳು ಬಂದು ಸೇರುವಲ್ಲಿನ ಕವಾಟದ ತುಟಿ, ಇವುಗಳ ಮೇಲೂ ಚೌಕ ಮಿನುಗುತ್ತದೆ. ಭೇದಿಯ ಔಷಧ ಸರಿಯಾಗಿ ಕೆಲಸ ಮಾಡದ ಕರುಳಿನಲ್ಲಂತೂ ಅದು ಕಾಟವೇ. ಇಂಗ್ಲೆಂಡಿನ ಹಲವು ಆಸ್ಪತ್ರೆಗಳ ಕೊಲೊ-ಡಿಟೆಕ್ಟ್ ಪ್ರಯೋಗದಲ್ಲಿ ಇದನ್ನು ಬಳಸಿದಾಗ ಕನಿಷ್ಠ ಒಂದು ಅಡಿನೋಮಾ (ಮುಂದೆ ಕ್ಯಾನ್ಸರ್ ಆಗಬಹುದಾದ ಬಗೆಯ ಪಾಲಿಪ್) ಸಿಕ್ಕ ರೋಗಿಗಳ ಪ್ರಮಾಣ ಶೇ. 48.4ರಿಂದ 56.6ಕ್ಕೆ ಏರಿತು. ಹೀಗೆ ಹೆಚ್ಚುವರಿಯಾಗಿ ಸಿಗುವವುಗಳಲ್ಲಿ ಪುಟ್ಟವೇ ಹೆಚ್ಚು ಎಂಬುದು ನನ್ನ ಅನುಭವವೂ ಹೌದು. ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ 2025ರಲ್ಲಿ ಇಂಥ ಉಪಕರಣಗಳ ವಾಡಿಕೆಯ ಬಳಕೆ ಬೇಡವೆಂದು, ಗಟ್ಟಿಯಾಗಿ ಅಲ್ಲದಿದ್ದರೂ, ಸಲಹೆ ನೀಡಿತು.

ಎಂಡೊಕಫ್ ಸ್ಕೋಪಿನ ತುದಿಗೆ ತೊಡಿಸುವ ಬಳೆ. ಅದರ ಸುತ್ತಲಿನ ಮೃದುವಾದ ಕಡ್ಡಿಗಳು ಒಳಗೆ ಹೋಗುವಾಗ ಮಡಚಿಕೊಂಡು, ಹಿಂದಕ್ಕೆಳೆಯುವಾಗ ಅಗಲಿ ಮಡಿಕೆಗಳನ್ನು ಚಪ್ಪಟೆ ಮಾಡುತ್ತವೆ. ಬಲಭಾಗದ ಕರುಳಿನಲ್ಲಿ, ಲೋಳೆ ಹೊದ್ದುಕೊಂಡು ಮಡಿಕೆಯ ಹಿಂಬದಿಗೆ ಅಂಟಿಕೊಂಡಿದ್ದ ಮಾಸಲು ಬಣ್ಣದ ಚಪ್ಪಟೆ ಪಾಲಿಪ್ಪೊಂದು ಕಡ್ಡಿ ತಗುಲಿದೊಡನೆ ಎದುರಿಗೆ ಬಂದು ನಿಂತದ್ದನ್ನು ಕಂಡಿದ್ದೇನೆ. ಪರದೆಗೇ ಬಾರದ ಅದರ ಸುತ್ತ ಯಾವ ಯಂತ್ರವೂ ಚೌಕ ಬರೆಯಲಾರದು. ಬ್ರಿಟನ್ನಿನಲ್ಲಿ ನಡೆದ, ಅಡಿನೋಮಾ ಎಂದೇ ಹೆಸರಿನ ಪ್ರಯೋಗದಲ್ಲಿ ಕಫ್ ಬಳಸಿದಾಗ ಅಡಿನೋಮಾ ಪತ್ತೆಯ ಪ್ರಮಾಣ ಶೇ. 36.2ರಿಂದ 40.9ಕ್ಕೆ ಏರಿತ್ತು. ಒಳಸೇರಿಸುವಾಗ ಗುದದ್ವಾರದಲ್ಲಿ ರೋಗಿಗೆ ಸ್ವಲ್ಪ ಹೆಚ್ಚು ಕಿರಿಕಿರಿಯಾಗುತ್ತದೆ, ಕರುಳು ಬಿಗಿಯಾಗಿ ಕಿರಿದಾಗಿದ್ದರೆ ಹೊರತೆಗೆದು ಕಫ್ ಕಳಚಬೇಕಾಗುತ್ತದೆ.

ಒಂದಕ್ಕೇ ಹಣವಿದ್ದರೆ ನಾನು ಕಫ್ ಕೊಳ್ಳುತ್ತೇನೆ. ಎರಡೂ ಇದ್ದರೆ ಒಟ್ಟಿಗೇ ಬಳಸುವುದರಲ್ಲಿ ಅಡ್ಡಿಯಿಲ್ಲ. ಒಂದರ ಕೆಲಸ ಇನ್ನೊಂದಕ್ಕೆ ತೊಡಕಾಗದು.

ನನ್ನ ಹಿಂಜರಿಕೆ ಬೇರೆ ಕಡೆಯದು. ಪೋಲೆಂಡಿನ ನಾಲ್ಕು ಕೇಂದ್ರಗಳಲ್ಲಿ ಕೃತಕ ಬುದ್ಧಿಮತ್ತೆ ಬಂದ ಮೇಲೆ, ಅದಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಪತ್ತೆಯ ಪ್ರಮಾಣ ಶೇ. 28.4ರಿಂದ 22.4ಕ್ಕೆ ಇಳಿದಿತ್ತೆಂದು 2025ರಲ್ಲಿ ವರದಿಯಾಯಿತು. ಅದು ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ ಹೋಲಿಸುವ ಯಾದೃಚ್ಛಿಕ ಪ್ರಯೋಗವಲ್ಲ, ಇಳಿಕೆಗೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೂ ಚೌಕ ಮೂಡಲೆಂದು ಕಾಯುತ್ತ ಪರದೆಯ ನಡುವೆಯೇ ದೃಷ್ಟಿ ನೆಟ್ಟ ಕಿರಿಯ ವೈದ್ಯರನ್ನು ನಾನು ಪಕ್ಕದಲ್ಲೇ ನಿಂತು ನೋಡಿರುವುದರಿಂದ, ಕಲಿಯುವವರ ಕೈಗೆ ಸ್ಕೋಪ್ ಕೊಡುವ ದಿನ ಯಂತ್ರವನ್ನು ಆಫ್ ಮಾಡಿ, ಕಫನ್ನು ಮಾತ್ರ ಉಳಿಸಿಕೊಳ್ಳುತ್ತೇನೆ.