ರೀಪರ್‌ನ ರೂಟಿಂಗ್: ವರ್ಷಗಟ್ಟಲೆ ಬಳಸಿದವನ ವಿಮರ್ಶೆ

ಹಾಡು ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಅಂದ ಕೂಡಲೇ ಜನ ಪ್ಲಗಿನ್‌ಗಳ (ದನಿ ಹುಟ್ಟಿಸುವ, ಬದಲಿಸುವ ಪುಟ್ಟ ಸಾಫ್ಟ್‌ವೇರ್‌ಗಳ) ಬಗ್ಗೆ ಕೇಳುತ್ತಾರೆ, ನೋಡೋಕೆ ಹೇಗಿದೆ ಅಂತ ಕೇಳುತ್ತಾರೆ. ನಾನು ರೀಪರ್ ಬಿಟ್ಟು ಬೇರೆ ಕಡೆ ಹೋಗದಿರುವುದಕ್ಕೆ ಕಾರಣ ಬೇರೆಯೇ ಇದೆ. ಒಂದು ಕಡೆಯ ದನಿಯನ್ನು ಇನ್ನೊಂದು ಕಡೆಗೆ ಮುಟ್ಟಿಸುವ ಕೆಲಸ, ಅಂದರೆ ರೂಟಿಂಗ್, ಇಷ್ಟು ಸಲೀಸಾಗಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಇದನ್ನು ಕಲಿಯೋಕೆ ಸ್ವಲ್ಪ ಸಮಯ ಬೇಕು. ಕಲಿತ ಮೇಲೆ ನೀವು ಯಾವ ಜೋಡಣೆ ಕೇಳಿದರೂ ಅದು ಇಲ್ಲ ಅನ್ನುವುದು ತೀರಾ ಕಮ್ಮಿ.

ವಿನ್ಯಾಂಪ್ ಅನ್ನುವ ಹಾಡು ಕೇಳಿಸುವ ಸಾಫ್ಟ್‌ವೇರ್ ಬರೆದ ಜಸ್ಟಿನ್ ಫ್ರ್ಯಾಂಕೆಲ್ ಅವರ ಕಾಕೋಸ್ ಕಂಪನಿಯ ಸಾಫ್ಟ್‌ವೇರ್ ಇದು. 1.0 ಆವೃತ್ತಿ ಬಂದದ್ದು 2006ರಲ್ಲಿ, 7ನೇ ಆವೃತ್ತಿ 2023ರಲ್ಲಿ. ಇಷ್ಟು ವರ್ಷಗಳಲ್ಲಿ ಅದರ ಮೂಲ ಲೆಕ್ಕಾಚಾರ ಬದಲಾಗಿಲ್ಲ: ಟ್ರ್ಯಾಕ್ ಅನ್ನುವುದು ಒಂದೇ ಜಾತಿ.

ಇದು ಮುಖ್ಯವಾದ ಮಾತು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಹಳಷ್ಟು ಸಾಫ್ಟ್‌ವೇರ್‌ಗಳಲ್ಲಿ ಹೊಸ ಟ್ರ್ಯಾಕ್ ತೆರೆಯುವಾಗಲೇ ಯಾವ ಬಗೆ ಅಂತ ಆರಿಸಬೇಕು. ಆಡಿಯೋಗೆ ಒಂದು, ಮಿಡಿಗೆ (ದನಿಯಲ್ಲ, ಯಾವ ಸ್ವರ ನುಡಿಸಬೇಕು ಅನ್ನುವ ಸೂಚನೆ) ಒಂದು, ಬಸ್‌ಗೆ (ಹಲವು ಟ್ರ್ಯಾಕ್‌ಗಳ ದನಿ ಕೂಡುವ ಜಾಗ) ಒಂದು, ರಿವರ್ಬ್ (ದನಿಗೆ ಸೇರಿಸುವ ಗುಂಗು) ಹಾಕೋಕೆ ಇನ್ನೊಂದು. ರೀಪರ್‌ನಲ್ಲಿ ಆ ಪ್ರಶ್ನೆಯೇ ಇಲ್ಲ. ಅದೇ ಟ್ರ್ಯಾಕ್ ಮೈಕಿನ ದನಿ ಹಿಡಿಯುತ್ತದೆ, ಮಿಡಿ ನುಡಿಸುತ್ತದೆ, ಬೇರೆ ಟ್ರ್ಯಾಕ್‌ಗಳನ್ನು ಒಟ್ಟುಗೂಡಿಸುತ್ತದೆ, ರಿವರ್ಬ್ ಹೊತ್ತುಕೊಂಡು ಕೂರುತ್ತದೆ. ಟ್ರ್ಯಾಕ್ ಅನ್ನು ಒಂದು ಪೈಪು ಅಂದುಕೊಳ್ಳಿ. ಅದರೊಳಗೆ ಸಮಾನಾಂತರವಾಗಿ ಹರಿಯುವ ಚಾನೆಲ್‌ಗಳಿವೆ. ಶುರುವಿನಲ್ಲಿ ಎರಡೇ ಇರುತ್ತವೆ, ಬೇಕಾದರೆ ಜಾಸ್ತಿ ಮಾಡಬಹುದು. ಮೊದಲು ಹೆಚ್ಚೆಂದರೆ 64 ಇತ್ತು, 7ನೇ ಆವೃತ್ತಿಯಿಂದ 128. ಈ ಚಿತ್ರ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತಾ ಹೋಗುತ್ತದೆ.

ಶುರು ಮಾಡೋದು ಮಾತ್ರ ಟ್ರ್ಯಾಕ್‌ನಿಂದಲ್ಲ, ಪ್ರಿಫರೆನ್ಸಸ್‌ನ ಆಡಿಯೋ ಡಿವೈಸ್ ಪುಟದಿಂದ. ನಿಮ್ಮ ಇಂಟರ್‌ಫೇಸ್‌ನಲ್ಲಿ (ಮೈಕ್, ಹೆಡ್‌ಫೋನ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ನಾಲ್ಕು ಔಟ್‌ಪುಟ್ ಇದ್ದರೂ ರೀಪರ್‌ನಲ್ಲಿ ಎರಡೇ ಕಾಣುತ್ತಿದ್ದರೆ ಕೇಬಲ್ ಕಿತ್ತು ಹಾಕುವ ಮುಂಚೆ ಇಲ್ಲಿ ನೋಡಿ. ವಿಂಡೋಸ್‌ನಲ್ಲಿ ಆಸಿಯೋ (ASIO) ಡ್ರೈವರ್, ಅಂದರೆ ಇಂಟರ್‌ಫೇಸ್ ಜೊತೆ ಕಮ್ಮಿ ತಡದಲ್ಲಿ ಮಾತಾಡುವ ಸಾಫ್ಟ್‌ವೇರ್, ಆರಿಸಿದಾಗ ಅದೇ ಪುಟದಲ್ಲಿ ಯಾವ ಚಾನೆಲ್‌ನಿಂದ ಯಾವ ಚಾನೆಲ್‌ವರೆಗೆ ಬಳಸಬೇಕು ಅಂತ ಮೊದಲನೆಯದು, ಕೊನೆಯದು ಎರಡನ್ನೂ ಹೇಳಬೇಕು. ಕೊನೆಯದು 2 ಅಂತ ಇದ್ದರೆ 3 ಮತ್ತು 4 ಎಲ್ಲಿ ಹುಡುಕಿದರೂ ಸಿಗೋದಿಲ್ಲ. ಚಾನೆಲ್‌ಗಳಿಗೆ ನಮ್ಮದೇ ಹೆಸರು ಕೊಡುವ ಸೌಲಭ್ಯವೂ ಇದೆ. 'ಇನ್‌ಪುಟ್ 5' ಅಂತ ಇರುವುದನ್ನು 'ಸ್ನೇರ್ ಮೈಕ್' ಅಂತ, 'ಔಟ್‌ಪುಟ್ 3' ಅನ್ನು 'ಹೆಡ್‌ಫೋನ್ ಎಡ' ಅಂತ ಒಮ್ಮೆ ಬರೆದಿಟ್ಟರೆ ಮುಂದೆ ಪ್ರತಿ ಮೆನುವಿನಲ್ಲೂ ಅದೇ ಹೆಸರು ಕಾಣುತ್ತದೆ. ಸಣ್ಣ ಕೆಲಸ, ಆದರೆ ರೆಕಾರ್ಡಿಂಗ್ ಹೊತ್ತಿಗೆ ಇದರಿಂದ ಬಹಳ ನೆಮ್ಮದಿ.

ಈಗ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಜೋಡಣೆ: ಹಾಡುವವರ ಹೆಡ್‌ಫೋನ್ ಮಿಕ್ಸ್. ಹಾಡುವವರಿಗೆ ತಮ್ಮ ದನಿ ಜೋರಾಗಿ ಕೇಳಬೇಕು, ಜೊತೆಗೆ ಒಂಚೂರು ರಿವರ್ಬ್ ಬೇಕು, ಡ್ರಮ್ಸ್ ಕಮ್ಮಿ ಬೇಕು. ರೆಕಾರ್ಡ್ ಮಾಡುವವರಿಗೆ ಸ್ಪೀಕರ್‌ನಲ್ಲಿ ಬೇಕಾದದ್ದು ಬೇರೆ. ಇಬ್ಬರಿಗೂ ಒಂದೇ ಮಿಕ್ಸ್ ಕೊಟ್ಟರೆ ಇಬ್ಬರಿಗೂ ಕಷ್ಟ.

ಮೊದಲು 'ಹೆಡ್‌ಫೋನ್' ಅಂತ ಒಂದು ಹೊಸ ಟ್ರ್ಯಾಕ್. ಅದರ ರೂಟ್ ಬಟನ್ ಒತ್ತಿದರೆ ಒಂದು ಕಿಟಕಿ ತೆರೆಯುತ್ತದೆ. ಮೇಲ್ಗಡೆ ಮಾಸ್ಟರ್‌ಗೆ, ಅಂದರೆ ಎಲ್ಲ ಟ್ರ್ಯಾಕ್ ಸೇರುವ ಕೊನೆಯ ಮಿಕ್ಸ್‌ಗೆ, ಕಳಿಸುವ ಟಿಕ್ ಇರುತ್ತದೆ, ಅದನ್ನು ತೆಗೆಯಿರಿ. ಅಲ್ಲೇ ಹಾರ್ಡ್‌ವೇರ್ ಔಟ್‌ಪುಟ್ ಆಗಿ 3/4 ಸೇರಿಸಿ. ಈಗ ಈ ಟ್ರ್ಯಾಕ್‌ಗೆ ಬಂದದ್ದೆಲ್ಲ ನೇರ ಹೆಡ್‌ಫೋನ್ ಜ್ಯಾಕ್‌ಗೆ ಹೋಗುತ್ತದೆ, ಮಾಸ್ಟರ್‌ಗೆ ತಾಕುವುದಿಲ್ಲ. ಆಮೇಲೆ ಹಾಡಿನ ಟ್ರ್ಯಾಕ್‌ನ ರೂಟ್ ಬಟನ್ ಹಿಡಿದು ಎಳೆದು ಹೆಡ್‌ಫೋನ್ ಟ್ರ್ಯಾಕ್ ಮೇಲೆ ಬಿಡಿ. ಒಂದು ಸೆಂಡ್, ಅಂದರೆ ದನಿಯ ಪ್ರತಿಯನ್ನು ಇನ್ನೊಂದು ಟ್ರ್ಯಾಕ್‌ಗೆ ಕಳಿಸುವ ಜೋಡಣೆ, ಆಯಿತು. ಗಿಟಾರ್, ಡ್ರಮ್ಸ್, ಬೇಸ್, ಎಲ್ಲಕ್ಕೂ ಹಾಗೇ.

ಇನ್ನೊಂದು ಹೆಜ್ಜೆ ಉಳಿದಿದೆ, ಕೆಲಸ ನಿಂತಿರುವುದೇ ಅದರ ಮೇಲೆ. ಸೆಂಡ್ ಮಾಡಿದ ಕೂಡಲೇ ಅದು ಪೋಸ್ಟ್ ಫೇಡರ್ ಆಗಿರುತ್ತದೆ, ಟ್ರ್ಯಾಕ್‌ನ ದನಿ ಏರಿಳಿಸುವ ಫೇಡರ್ ದಾಟಿದ ದನಿ ಹೋಗುತ್ತದೆ. ಅಂದರೆ ನೀವು ಸ್ಪೀಕರ್‌ಗಾಗಿ ಗಿಟಾರ್ ಫೇಡರ್ ಇಳಿಸಿದರೆ ಹಾಡುತ್ತಿರುವವರ ಕಿವಿಯಲ್ಲೂ ಗಿಟಾರ್ ಇಳಿಯುತ್ತದೆ. ಹಾಡಿನ ನಡುವೆ ಹೀಗಾದರೆ ಅವರು ಶ್ರುತಿ ಹಿಡಿಯೋದಾದರೂ ಹೇಗೆ? ಅದನ್ನು ಪ್ರಿ ಫೇಡರ್ ಮಾಡಿ. ಈಗ ನಿಮ್ಮ ಫೇಡರ್ ನಿಮಗೆ, ಅವರ ಮಿಕ್ಸ್ ಅವರಿಗೆ. ನೀವು ಟ್ರ್ಯಾಕ್‌ಗೆ ಹಾಕಿದ ಈಕ್ಯೂ (ದನಿಯ ಬಣ್ಣ ತಿದ್ದುವುದು), ಕಂಪ್ರೆಸರ್ (ಜೋರಾದ ದನಿ ತಗ್ಗಿಸುವುದು) ಕೂಡ ಅವರಿಗೆ ಬೇಡ ಅನಿಸಿದರೆ ಪ್ರಿ ಎಫ್‌ಎಕ್ಸ್ (ಎಫೆಕ್ಟ್‌ಗಳಿಗಿಂತ ಮುಂಚೆ) ಅಂತ ಮೂರನೇ ಆಯ್ಕೆಯೂ ಇದೆ. ರಿವರ್ಬ್ ಸೆಂಡ್‌ಗೆ ಮಾತ್ರ ಪೋಸ್ಟ್ ಫೇಡರ್ ಇರಲಿ. ದನಿ ಇಳಿದರೆ ರಿವರ್ಬ್ ಕೂಡ ಅದರ ಜೊತೆ ಇಳಿಯಬೇಕು, ಅಲ್ವಾ? ಇಲ್ಲದಿದ್ದರೆ ಹಾಡು ಮರೆಯಾಗಿ ಬರೀ ಅದರ ಗುಂಗು ಉಳಿಯುತ್ತದೆ.

ಕ್ಲಿಕ್ (ತಾಳ ತೋರಿಸುವ ಸದ್ದು) ಕೂಡ ಇದೇ ದಾರಿಯಲ್ಲಿ ಹೋಗಬಹುದು. ಮೆಟ್ರೊನೋಮ್ ಆನ್ ಮಾಡುವ ಬದಲು ಇನ್ಸರ್ಟ್ ಮೆನುವಿನಿಂದ ಕ್ಲಿಕ್ ಸೋರ್ಸ್ ತಂದು ಒಂದು ಟ್ರ್ಯಾಕ್ ಮೇಲೆ ಹಾಕಿ. ಆ ಟ್ರ್ಯಾಕ್‌ನ ಮಾಸ್ಟರ್ ಟಿಕ್ ತೆಗೆದು ಹೆಡ್‌ಫೋನ್ ಟ್ರ್ಯಾಕ್‌ಗೆ ಮಾತ್ರ ಸೆಂಡ್ ಕೊಡಿ. ಕ್ಲಿಕ್ ಹಾಡುವವರಿಗಷ್ಟೇ ಕೇಳುತ್ತದೆ, ಕೊನೆಯಲ್ಲಿ ಮಾಸ್ಟರ್ ಮಿಕ್ಸ್ ರೆಂಡರ್ ಮಾಡಿದಾಗ (ಫೈಲ್ ಆಗಿ ಉಳಿಸಿದಾಗ) ಅದು ಒಳಗೆ ಸೇರುವುದೇ ಇಲ್ಲ. ಇನ್ನೊಂದು ಲಾಭವೂ ಇದೆ. ಹಾಡಿನ ಕೊನೆಯ ಮೆಲ್ಲನೆಯ ಸ್ವರ ಎಳೆಯುವಾಗ ಹೆಡ್‌ಫೋನ್‌ನಿಂದ ಸೋರಿದ ಟಿಕ್ ಟಿಕ್ ಮೈಕಿಗೆ ಬಿದ್ದುಬಿಡುತ್ತದೆ. ಕ್ಲಿಕ್ ಒಂದು ಐಟಂ ಆಗಿ ಕಣ್ಣೆದುರು ಇದ್ದರೆ ಆ ಜಾಗದಲ್ಲಿ ಕತ್ತರಿಸಿದರೆ ಆಯಿತು. ಹಾಡುವವರಿಗೂ ಆ ಸ್ವರ ನಿರಾಳವಾಗಿ ಬಿಡೋಕೆ ಆಗುತ್ತದೆ.

ಲೇಟೆನ್ಸಿ (ದನಿ ತಡವಾಗಿ ಕೇಳುವುದು) ಬಗ್ಗೆ ಎರಡು ಮಾತು. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಮ್ಮೆಗೆ ತಗೊಳ್ಳುವ ದನಿಯ ತುಣುಕು) ಅಂದರೆ ಒಂದು ದಿಕ್ಕಿಗೆ ಸುಮಾರು 2.7 ಮಿಲಿಸೆಕೆಂಡ್. ಹೋಗಿ ಬರುವುದು, ಇಂಟರ್‌ಫೇಸ್‌ನ ಸ್ವಂತ ತಡ ಎಲ್ಲ ಸೇರಿದರೂ ಹೆಚ್ಚಿನವರಿಗೆ ಹಾಡೋಕೆ ತೊಂದರೆಯಾಗದು. ಆದರೆ ಮುಂದಿನದನ್ನು ನೋಡಿ ಕೆಲಸ ಮಾಡುವ ಲಿಮಿಟರ್‌ನಂಥ (ದನಿ ಮಿತಿ ಮೀರದಂತೆ ತಡೆಯುವ) ಒಂದು ಪ್ಲಗಿನ್ ಮಾಸ್ಟರ್ ಮೇಲಿದ್ದರೆ ಈ ಲೆಕ್ಕ ತಲೆಕೆಳಗು. ಎಫ್‌ಎಕ್ಸ್ ಕಿಟಕಿಯ ಕೆಳಗಡೆ ಮೂಲೆಯಲ್ಲಿ ಸಿಪಿಯು ಬಳಕೆಯ ಪಕ್ಕ ಸ್ಯಾಂಪಲ್ ಲೆಕ್ಕ ತೋರಿಸುತ್ತದೆ. ಅಲ್ಲಿ 2048 ಅಂತ ಇದ್ದರೆ ಅದೊಂದೇ ಸುಮಾರು 43 ಮಿಲಿಸೆಕೆಂಡ್ ತಡ. ರೆಕಾರ್ಡ್ ಮಾಡುವಾಗ ಅಂಥದ್ದನ್ನು ತೆಗೆದಿಡಿ. ಮಿಕ್ಸ್ ಹೊತ್ತಿಗೆ ಚಿಂತೆ ಇಲ್ಲ, ಸೆಂಡ್‌ಗಳು ಎಷ್ಟು ಸುತ್ತಿ ಬಂದರೂ ಪ್ಲಗಿನ್‌ಗಳ ತಡವನ್ನು ರೀಪರ್ ತಾನೇ ಸರಿದೂಗಿಸುತ್ತದೆ. ಇಂಟರ್‌ಫೇಸ್‌ನಿಂದಲೇ ನೇರವಾಗಿ ತಮ್ಮ ದನಿ ಕೇಳಿಸಿಕೊಳ್ಳುವವರು ಟ್ರ್ಯಾಕ್‌ನ ಮಾನಿಟರಿಂಗ್ ಆಫ್ ಮಾಡಬೇಕು, ಇಲ್ಲದಿದ್ದರೆ ಒಂದೇ ದನಿ ಎರಡೆರಡು ಸಲ ಕೇಳುತ್ತದೆ.

ಸೈಡ್‌ಚೈನ್‌ನಲ್ಲಿ, ಅಂದರೆ ಒಂದು ದನಿ ಇನ್ನೊಂದರ ಕಂಪ್ರೆಸರ್ ನಡೆಸುವಲ್ಲಿ, ಚಾನೆಲ್‌ಗಳ ಬೆಲೆ ಗೊತ್ತಾಗುತ್ತದೆ. ಕಿಕ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ಬಡಿದಾಗಲೆಲ್ಲ ಬೇಸ್ ಒಂಚೂರು ತಗ್ಗಬೇಕು ಅಂದುಕೊಳ್ಳಿ. ಕಿಕ್‌ನಿಂದ ಬೇಸ್‌ಗೆ ಸೆಂಡ್ ಎಳೆಯಿರಿ, ಸೇರುವ ಜಾಗ 1/2 ಬದಲು 3/4 ಮಾಡಿ. ಬೇಸ್ ಟ್ರ್ಯಾಕ್ ತಾನಾಗೇ ನಾಲ್ಕು ಚಾನೆಲ್ ಆಗುತ್ತದೆ. ಬೇಸ್ ಮೇಲಿರುವ ರಿಯಾಕಾಂಪ್ (ರೀಪರ್‌ನದೇ ಕಂಪ್ರೆಸರ್) ತೆರೆದು ಡಿಟೆಕ್ಟರ್ ಇನ್‌ಪುಟ್‌ನಲ್ಲಿ ಆಕ್ಸಿಲರಿ ಆರಿಸಿ. ಮುಗಿಯಿತು. ಬೇಸ್‌ನ ದನಿ 1/2ರಲ್ಲಿ ಹರಿಯುತ್ತಿದೆ, ಕಿಕ್ ಪಕ್ಕದಲ್ಲಿ 3/4ರಲ್ಲಿ ಸುಮ್ನೆ ಬಂದು ಕಂಪ್ರೆಸರ್‌ಗೆ ಸನ್ನೆ ಮಾಡುತ್ತಿದೆ. ಮಾಸ್ಟರ್‌ಗೆ ಎರಡೇ ಚಾನೆಲ್ ಇರುವುದರಿಂದ ಆ ಕಿಕ್ ಅಲ್ಲಿ ಎರಡನೇ ಸಲ ಕೇಳುವುದಿಲ್ಲ. ಬೇಸ್ ಒಂದು ಫೋಲ್ಡರ್‌ನೊಳಗೆ ಇದ್ದು ಆ ಫೋಲ್ಡರ್‌ಗೂ ನಾಲ್ಕು ಚಾನೆಲ್ ಇದ್ದರೆ ಮಾತ್ರ ಗಮನವಿರಲಿ. ಕಿಕ್ ಅಲ್ಲಿನ 3/4ಕ್ಕೂ ಹರಿಯುತ್ತದೆ, ಅಲ್ಲಿ ಕೂತಿರುವ ಇನ್ನೊಂದು ಕಂಪ್ರೆಸರ್ ಅದನ್ನು ಕೇಳಿಸಿಕೊಳ್ಳಬಹುದು.

ಇಲ್ಲೂ ಪ್ರಿ ಫೇಡರ್ ಒಳ್ಳೆಯದು. ಮಿಕ್ಸ್‌ನಲ್ಲಿ ಕಿಕ್ ಎಷ್ಟೇ ಇಳಿಸಿದರೂ ಬೇಸ್ ತಗ್ಗುವ ಪ್ರಮಾಣ ಬದಲಾಗಬಾರದು ನೋಡಿ.

ಫೋಲ್ಡರ್ ಅಂದೆ. ಒಂದು ಟ್ರ್ಯಾಕ್ ಕೆಳಗೆ ಇನ್ನಷ್ಟು ಟ್ರ್ಯಾಕ್‌ಗಳನ್ನು ಸೇರಿಸಿದರೆ ಮೇಲಿನದು ಫೋಲ್ಡರ್. ಅದು ಬರೀ ಅಚ್ಚುಕಟ್ಟಿಗಲ್ಲ, ಮಕ್ಕಳ ದನಿಯೆಲ್ಲ ತಾಯಿ ಟ್ರ್ಯಾಕ್ ಮೂಲಕವೇ ಮಾಸ್ಟರ್‌ಗೆ ಹೋಗುತ್ತದೆ. ಅಂದರೆ ಡ್ರಮ್ ಬಸ್ ಬೇಕು ಅಂತ ಬೇರೆ ಜೋಡಣೆಯೇ ಬೇಡ, ಎಂಟು ಮೈಕ್‌ಗಳನ್ನು ಒಂದು ಫೋಲ್ಡರ್‌ಗೆ ಹಾಕಿದರೆ ಸಾಕು. ಎಂಟರಲ್ಲಿ ಒಂದು ಮಾತ್ರ ಬಸ್ ತಪ್ಪಿಸಿ ಹೋಗಬೇಕು ಅಂದರೆ ಅದರ ಪೇರೆಂಟ್ ಟಿಕ್ ತೆಗೆದು ಬೇಕಾದಲ್ಲಿಗೆ ಸೆಂಡ್ ಕೊಡಬಹುದು. ನಾನು ಈಗ ಹೆಚ್ಚಿನ ಬಸ್‌ಗಳನ್ನೆಲ್ಲ ಫೋಲ್ಡರ್ ಆಗಿಯೇ ಕಟ್ಟುತ್ತೇನೆ, ಸೆಂಡ್‌ಗಳನ್ನು ರಿವರ್ಬ್, ಹೆಡ್‌ಫೋನ್, ಸೈಡ್‌ಚೈನ್‌ಗೆ ಮೀಸಲಿಡುತ್ತೇನೆ. ಹೀಗೆ ಮಾಡಿದರೆ ತಿಂಗಳುಗಳ ನಂತರ ಪ್ರಾಜೆಕ್ಟ್ ತೆರೆದಾಗಲೂ ಯಾವುದು ಎಲ್ಲಿಗೆ ಹೋಗುತ್ತಿದೆ ಅಂತ ಕಣ್ಣಾಡಿಸಿದರೆ ಗೊತ್ತಾಗುತ್ತದೆ.

ಗೊತ್ತಾಗದಿದ್ದಾಗ ಎರಡು ಸಹಾಯ ಇವೆ. ಒಂದು ರೂಟಿಂಗ್ ಮ್ಯಾಟ್ರಿಕ್ಸ್, ಆಲ್ಟ್ ಮತ್ತು ಆರ್ ಒಟ್ಟಿಗೆ ಒತ್ತಿದರೆ ಬರುತ್ತದೆ. ಎಡಗಡೆ ಮೂಲಗಳು, ಮೇಲೆ ಸೇರುವ ಜಾಗಗಳು, ನಡುವೆ ಮನೆಗಳು. ಮನೆಯ ಮೇಲೆ ಕ್ಲಿಕ್ ಮಾಡಿದರೆ ಜೋಡಣೆ. ಹತ್ತಾರು ಟ್ರ್ಯಾಕ್‌ಗಳಿಗೆ ಒಟ್ಟಿಗೆ ಹೆಡ್‌ಫೋನ್ ಸೆಂಡ್ ಕೊಡೋಕೆ ಇದಕ್ಕಿಂತ ಬೇಗದ ದಾರಿ ಇಲ್ಲ. ಇನ್ನೊಂದು ವೈರಿಂಗ್ ಡಯಾಗ್ರಾಮ್. ಅದು ಟ್ರ್ಯಾಕ್‌ಗಳ ನಡುವೆ ಗೆರೆ ಎಳೆದು ತೋರಿಸುತ್ತದೆ, ಹೊಸಬರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಟ್ರ್ಯಾಕ್ ಜಾಸ್ತಿಯಾದಂತೆ ಗೆರೆಗಳು ಸಿಕ್ಕುಸಿಕ್ಕಾಗುವುದರಿಂದ ದೊಡ್ಡ ಪ್ರಾಜೆಕ್ಟ್‌ಗೆ ನಾನು ಮ್ಯಾಟ್ರಿಕ್ಸ್ ಕಡೆಗೇ.

ಟ್ರ್ಯಾಕ್‌ನೊಳಗಿನ ರೂಟಿಂಗ್ ಬೇರೆ ಇದೆ. ಪ್ಲಗಿನ್ ಕಿಟಕಿಯಲ್ಲಿ '2 ಇನ್ 2 ಔಟ್' ಅನ್ನುವ ಥರದ ಪುಟ್ಟ ಬಟನ್ ಇರುತ್ತದೆ. ಅದನ್ನು ಒತ್ತಿದರೆ ಪ್ಲಗಿನ್ ಯಾವ ಚಾನೆಲ್‌ನಿಂದ ದನಿ ತಗೋಬೇಕು, ಯಾವುದಕ್ಕೆ ಕೊಡಬೇಕು ಅಂತ ಚೌಕಗಳಲ್ಲಿ ತೋರಿಸುತ್ತದೆ. ಒಂದೇ ಟ್ರ್ಯಾಕ್‌ನಲ್ಲಿ ಗಿಟಾರ್ ಅನ್ನು ಎರಡು ಬೇರೆ ಬೇರೆ ಆಂಪ್‌ಗಳಿಗೆ ಹಂಚಿ ಕೊನೆಗೆ ಒಂದು ಮಾಡಬಹುದು. 7ನೇ ಆವೃತ್ತಿಯಲ್ಲಿ ಬಂದ ಕಂಟೇನರ್ (ಹಲವು ಪ್ಲಗಿನ್‌ಗಳನ್ನು ಒಂದಾಗಿ ಕಟ್ಟುವುದು) ಮತ್ತು ಪ್ಯಾರಲಲ್ ಎಫ್‌ಎಕ್ಸ್‌ನಿಂದ (ಪ್ಲಗಿನ್‌ಗಳನ್ನು ಅಕ್ಕಪಕ್ಕ ಓಡಿಸುವುದು) ಇಂಥ ಕೆಲಸ ಇನ್ನೂ ಸಲೀಸಾಗಿದೆ. ನನ್ನ ಮಟ್ಟಿಗೆ ಈ ಆವೃತ್ತಿಯ ಅತಿ ಒಳ್ಳೆಯ ಸೇರ್ಪಡೆ ಇದೇ.

ಡ್ರಮ್ ಸಾಂಪ್ಲರ್‌ಗಳಂಥ ಬಹು ಔಟ್‌ಪುಟ್ ಪ್ಲಗಿನ್ ಹಾಕಿದಾಗ, ಅದರ ಔಟ್‌ಪುಟ್‌ಗಳಿಗೆಲ್ಲ ಟ್ರ್ಯಾಕ್ ಕಟ್ಟಿಕೊಡಲಾ ಅಂತ ರೀಪರ್ ತಾನೇ ಕೇಳುತ್ತದೆ. ಹೊರಗಿನ ಕಂಪ್ರೆಸರ್ ಪೆಟ್ಟಿಗೆ ಬಳಸುವವರಿಗೆ ರಿಯಾಇನ್ಸರ್ಟ್ ಇದೆ, ಹೋಗಿ ಬರುವ ತಡವನ್ನು ಅದೇ ಅಳೆದುಕೊಳ್ಳುತ್ತದೆ. ಅದನ್ನು ಬಳಸಿದಾಗ ರೆಂಡರ್ ಮಾತ್ರ ಹಾಡು ಓಡುವಷ್ಟೇ ಹೊತ್ತು ತೆಗೆದುಕೊಳ್ಳಬೇಕು, ದನಿ ನಿಜವಾಗಿ ಹೊರಗೆ ಹೋಗಿ ಬರಬೇಕಲ್ಲ. ಬೇರೆ ಪ್ರೋಗ್ರಾಮ್‌ನ ದನಿ ಒಳಗೆ ತರುವ ರಿಯಾರೂಟ್ ವಿಂಡೋಸ್‌ಗೆ ಮಾತ್ರ. ಮ್ಯಾಕ್‌ನಲ್ಲಿ ಬ್ಲ್ಯಾಕ್‌ಹೋಲ್, ಲಿನಕ್ಸ್‌ನಲ್ಲಿ ಜ್ಯಾಕ್ ಆ ಕೆಲಸ ಮಾಡುತ್ತವೆ.

ಕೊರತೆಗಳೂ ಇವೆ. ಒಂದೇ ಜಾತಿಯ ಟ್ರ್ಯಾಕ್ ಆದ್ದರಿಂದ ಮಿಕ್ಸರ್‌ನಲ್ಲಿ ಬಸ್ ಯಾವುದು, ರಿವರ್ಬ್ ಯಾವುದು ಅಂತ ನೋಡಿದ ತಕ್ಷಣ ಗೊತ್ತಾಗದು. ಬಣ್ಣ, ಹೆಸರು ನಾವೇ ಕೊಡಬೇಕು. ರೂಟಿಂಗ್ ಕಿಟಕಿ ಎಲ್ಲವನ್ನೂ ಒಮ್ಮೆಲೇ ಮುಂದಿಡುತ್ತದೆ, ಮೊದಲ ಸಲ ನೋಡಿದವರು ಕಂಗಾಲಾಗುವುದು ಸಹಜ. ಹೊಸ ಸೆಂಡ್ ಆಡಿಯೋ ಜೊತೆ ಮಿಡಿಯನ್ನೂ ಹೊತ್ತೊಯ್ಯುತ್ತದೆ. ಕೀಬೋರ್ಡ್ ಟ್ರ್ಯಾಕ್‌ನಿಂದ ಸೆಂಡ್ ಕೊಟ್ಟ ಜಾಗದಲ್ಲಿ ಇನ್ನೊಂದು ವಾದ್ಯ ಇದ್ದರೆ ಅದೂ ನುಡಿಯತೊಡಗುತ್ತದೆ. ಪ್ರಿಫರೆನ್ಸಸ್‌ನಲ್ಲಿ ಸೆಂಡ್‌ನ ಡಿಫಾಲ್ಟ್ ಬದಲಾಯಿಸಬಹುದು, ನಾನು ಆಡಿಯೋ ಮಾತ್ರ ಇಟ್ಟುಕೊಂಡಿದ್ದೇನೆ.

ಎರಡು ಟ್ರ್ಯಾಕ್‌ಗಳು ಒಂದಕ್ಕೊಂದು ಸೆಂಡ್ ಕೊಟ್ಟುಕೊಂಡು ಸುತ್ತುವಂಥ ಜೋಡಣೆಯನ್ನು ರೀಪರ್ ಮೊದಲಿಗೆ ತಡೆದಿರುತ್ತದೆ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಫೀಡ್‌ಬ್ಯಾಕ್ ರೂಟಿಂಗ್‌ಗೆ ಅನುಮತಿ ಕೊಡಬಹುದು. ಡಿಲೇ ತನ್ನೊಳಗೇ ಮರಳುವಂಥ ಪ್ರಯೋಗಗಳಿಗೆ ಸೊಗಸಾಗಿದೆ. ಆದರೆ ಆ ಹೊತ್ತಿಗೆ ಹೆಡ್‌ಫೋನ್ ಕಿವಿಯಲ್ಲಿ ಬೇಡ, ಸ್ಪೀಕರ್ ದನಿ ತಗ್ಗಿಸಿ, ಮಾಸ್ಟರ್ ಮೇಲೆ ಲಿಮಿಟರ್ ಹಾಕಿಟ್ಟು ಶುರುಮಾಡಿ. ಸುತ್ತಿ ಬರುವ ದನಿ ಕ್ಷಣದಲ್ಲಿ ವಿಪರೀತ ಜೋರಾಗುತ್ತದೆ, ಕಿವಿಗೆ ಪೆಟ್ಟಾಗುತ್ತದೆ.

60 ದಿನದ ಪರೀಕ್ಷಾ ಅವಧಿಯಲ್ಲಿ ಎಲ್ಲ ಸೌಲಭ್ಯಗಳೂ ತೆರೆದಿರುತ್ತವೆ. ನೋಡುವುದಾದರೆ ಮೇಲೆ ಹೇಳಿದ ಹೆಡ್‌ಫೋನ್ ಮಿಕ್ಸ್ ಒಂದನ್ನು ಕಟ್ಟಿ ನೋಡಿ. ಆಮೇಲೆ ಹಾಡು, ರಿವರ್ಬ್, ಕ್ಲಿಕ್, ಹೆಡ್‌ಫೋನ್ ನಾಲ್ಕೂ ಟ್ರ್ಯಾಕ್‌ಗಳನ್ನು ಒಟ್ಟಿಗೆ ಆರಿಸಿ ಟ್ರ್ಯಾಕ್ ಟೆಂಪ್ಲೇಟ್ ಆಗಿ ಉಳಿಸಿ. ಅವುಗಳ ನಡುವಿನ ಸೆಂಡ್‌ಗಳೂ ಟೆಂಪ್ಲೇಟ್ ಜೊತೆಗೇ ಉಳಿಯುತ್ತವೆ. ಮುಂದಿನ ಹಾಡಿಗೆ ಅದನ್ನು ತಂದು ಹಾಕಿ, ಮೈಕ್ ಯಾವ ಇನ್‌ಪುಟ್‌ನಲ್ಲಿದೆ ಅಂತ ಆರಿಸಿದರೆ ರೆಕಾರ್ಡಿಂಗ್ ಶುರು ಮಾಡಬಹುದು.